ಇಟಿಎ ಹಾಕೋಕಿಂತ ಮೊದ್ಲು ವೆಬ್‌ಸೈಟಿನ ಬಾಲ ನೋಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಿಮ್ಮ ಪೇಪರ್‌ನಾಗ ಭಾನುವಾರ ಬಂತಂದ್ರ ಅರ್ಧ ಪೇಜು ಫಾರಿನ್ ಟೂರಿನ ಜಾಹೀರಾತೇ ಇರ್ತಾವ, ಶ್ರೀಲಂಕಾ 5 ದಿನ, ಥಾಯ್ಲೆಂಡ್ 6 ದಿನ, ಅಡಿಗಿಯವ್ರು ನಮ್ಮವ್ರೇ, ಜ್ವಾಳದ ರೊಟ್ಟಿನೂ ಸಿಗ್ತಾವ ಅಂತ. ರೊಟ್ಟಿ ಬಗ್ಗೆ ನಂದೇನೂ ತಕರಾರಿಲ್ಲ. ಆ ಜಾಹೀರಾತಿನ ಕೆಳಗ ಇರುವಿ ಸಾಲಿನಂಗ ಸಣ್ಣ ಅಕ್ಷರದಾಗ ವೀಸಾ ಇಟಿಎ ಖರ್ಚು ಪ್ರಯಾಣಿಕರದ್ದೇ ಅಂತ ಒಂದು ಸಾಲು ಇರ್ತದಲ್ಲ (ಇಟಿಎ ಅಂದ್ರ ಎಲೆಕ್ಟ್ರಾನಿಕ್ ಟ್ರಾವೆಲ್ ಆಥರೈಸೇಷನ್, ಬ್ಯಾರೆ ದೇಶಕ್ಕ ಹೋಗೋಕಿಂತ ಮೊದ್ಲ ಆನ್‌ಲೈನ್‌ದಾಗ ತಗೊಳ್ಳೋ ಪರ್ಮಿಷನ್ನು), ಆ ಒಂದು ಸಾಲಿಗೆ ನಮ್ಮ ಮನಿಗೆ 30,000 ರೂಪಾಯಿ ಬಿತ್ತು ನೋಡ್ರಿ, ಅದಕ್ಕ ಈ ಪತ್ರ.

ನಾನು ಹೈಸ್ಕೂಲ್ ಮಾಸ್ತರ, ಸಮಾಜ ವಿಜ್ಞಾನ ಹೇಳ್ತಿದ್ದೆ, 2018ರಾಗ ರಿಟೈರ್ ಆದೆ. ಸರ್ವಿಸಿನಾಗ ಇದ್ದಾಗ ವರ್ಷಾ ಹುಡುಗ್ರನ್ನ ಸನ್ನತಿಗೆ ಕರ್ಕೊಂಡು ಹೋಗ್ತಿದ್ದೆ, ಭೀಮಾ ದಂಡಿಮ್ಯಾಲ ಚಂದ್ರಲಾ ಪರಮೇಶ್ವರಿ ಗುಡಿ, 1986ರಾಗ ಅಲ್ಲೇ ಅಶೋಕನ ಶಾಸನ ಸಿಕ್ಕಿದ್ದು, ಬಾಜೂಕೇ ಕನಗನಹಳ್ಳಿ, ಅಲ್ಲಿ ಅಶೋಕನ ಹೆಸರು ಬರದು ಅವನ ಮೂರ್ತಿ ಕೆತ್ತಿದ ಕಲ್ಲು. ಹುಡುಗ್ರಿಗೆ ಅಲ್ಲಿ ನಿಂತು ಅಶೋಕನ ಮಗಳು ಸಂಘಮಿತ್ರೆ ಬೋಧಿ ಗಿಡದ ಟೊಂಗಿ ತಗೊಂಡು ಸಿಂಹಳಕ್ಕ, ಅಂದ್ರ ಈಗಿನ ಶ್ರೀಲಂಕಾಕ್ಕ, ಹೋದಳು, ಅನುರಾಧಪುರದಾಗ ಅದು ಇನ್ನೂ ಅದ ಅಂತ ಹೇಳೋದು. ಹೇಳೋನು ಮಾತ್ರ ನೋಡಿದ್ದಿಲ್ಲ. ಹಿಂಗಾಗಿ ರಿಟೈರ್ ಆದಮ್ಯಾಲ ಒಂದ್ಸಲ ನೋಡೇ ಬರೋಣ ಅಂತ ಈ ವರ್ಷ ಜನವರಿದಾಗ ನಾನು, ನಮ್ಮ ಮನಿಯವ್ರು, ಅಕಿ ಅಕ್ಕ, ನಮ್ಮ ಷಡ್ಡಕರು, ನಾಲ್ಕೂ ಮಂದಿ ಹೊಂಟೆವು. ಟೂರಿನವ್ರ ಜೋಡಿ ಅಲ್ಲ, ನಾವೇ. ಹೈದರಾಬಾದಿನಿಂದ ಟಿಕೆಟ್ ತೆಗಿಸಿದೆವು, ನಮ್ಮ ಕಲಬುರಗಿ ಮಂದಿಗೆ ಫಾರಿನ್ ಅಂದ್ರ ಬೆಂಗಳೂರಕಿಂತ ಹೈದರಾಬಾದೇ ಸೋಯಿ.

ಮೊದ್ಲ ಈ ಇಟಿಎ ಅಂದ್ರ ಏನು ಅಂತ ಹೇಳ್ಬಿಡ್ತೀನ್ರಿ, ಯಾಕಂದ್ರ ನಾನೇ ಮೂರು ತಿಂಗಳ ಹಿಂದ ಇದು ಇನ್ಶುರೆನ್ಸ್ ಇರ್ಬೇಕು ಅಂದ್ಕೊಂಡಿದ್ದೆ. ಇದು ವೀಸಾ ಅಲ್ಲ. ನೀವು ಬರೋದು ನಮಗ ಗೊತ್ತಾಗ್ಯದ, ವಿಮಾನ ಹತ್ರಿ, ಬಂದಮ್ಯಾಲ ನೋಡೋಣ ಅಂತ ಆ ದೇಶದವ್ರು ಮೊದ್ಲೇ ಕೊಡೋ ಪರ್ಮಿಷನ್ನು ಇದು, ನಿಮ್ಮ ಪಾಸ್‌ಪೋರ್ಟ್ ನಂಬರಿಗೆ ಕಂಪ್ಯೂಟರ್‌ದಾಗ ಜೋಡಿಸಿ ಇಟ್ಟಿರ್ತಾರ, ಪಾಸ್‌ಪೋರ್ಟಿನಾಗ ಯಾವ ಚೀಟಿನೂ ಅಂಟ್ಸಂಗಿಲ್ಲ. ಆಸ್ಟ್ರೇಲಿಯಾದವ್ರು 1996ರಾಗೇ ಇದನ್ನ ಚಾಲೂ ಮಾಡಿದ್ರು, ಅಮೆರಿಕಾದವ್ರು ಇದಕ್ಕ ಎಸ್ಟಾ ಅಂತಾರ, ಅದು 2009ಕ್ಕ ಕಡ್ಡಾಯ ಆತು, ಶ್ರೀಲಂಕಾದ್ದು 2012ರ ಜನವರಿ 1ಕ್ಕ ಬಂತು, ಕೆನಡಾದ್ದು 2016ಕ್ಕ. ಕೀನ್ಯಾದವ್ರು 2024ರ ಜನವರಿದಿಂದ ವೀಸಾನೇ ತೆಗೆದು ಹಾಕಿ ಅದರ ಜಾಗಾದಾಗ ಇಟಿಎ ತಂದಾರ. ನಮ್ಮ ದೇಶದ್ದೂ ಅದರಿ, 2014ರ ನವೆಂಬರ್‌ದಾಗ ಶುರು ಆದಾಗ ಅದರ ಹೆಸರಿನಾಗೂ ಇಟಿಎ ಇತ್ತು, ಮುಂದ ವರ್ಷದಾಗ ಇ-ಟೂರಿಸ್ಟ್ ವೀಸಾ ಅಂತ ಹೆಸರು ಬದಲಿ ಮಾಡಿದ್ರು. ಹಿಂಗಾಗಿ ನಮ್ಮ ಬುದ್ಧ ವಿಹಾರ ನೋಡ್ಲಿಕ್ಕಿ ಫಾರಿನ್‌ದಿಂದ ಬರೋ ಮಂದಿನೂ ನಾ ಈಗ ಹೇಳೋ ಕುಣಿದಾಗೇ ಬೀಳ್ತಿರ್ಬೇಕು.

ಆ ಕುಣಿ ಹ್ಯಾಂಗ ಇತ್ತಂದ್ರ, ನಮ್ಮ ಷಡ್ಡಕರ ಮಗ ಮೊಬೈಲ್‌ನಾಗ ಶ್ರೀಲಂಕಾ ಇಟಿಎ ಅಂತ ಟೈಪ್ ಮಾಡಿದ, ಮ್ಯಾಲೇ ಒಂದು ಬಂತು, ಅದನ್ನೇ ಒತ್ತಿದ. ಸಿಂಹದ ಧ್ವಜ ಇತ್ತು, ಅನುರಾಧಪುರದ ಸ್ತೂಪದ ಫೋಟೋ ಇತ್ತು, ಅದನ್ನ ನೋಡಿ ನಾ ಮತ್ತಿಷ್ಟು ಖುಷಿ ಆದೆ, ಬರೋಬರ್ ಸರ್ಕಾರದ್ದೇ ಅಂತ. ಒಂದೊಂದೇ ಪ್ರಶ್ನಿ ಕೇಳ್ತು, ಹೆಸರು, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ತಾರೀಖು, ಎಂದು ಬರ್ತೀರಿ, ಎಲ್ಲಿ ಇಳ್ಕೋತೀರಿ, ಕೊನಿಗೆ ತಲಿಗೆ 89 ಡಾಲರ್. ನಾಲ್ಕು ಮಂದಿದು 356 ಡಾಲರ್. ನಾ ಅಂದೆ ಫಾರಿನ್ ಅಂದಮ್ಯಾಲ ಇಷ್ಟು ಆಗ್ತದ ಬಿಡಪ್ಪ. ನನ್ನ ಪೆನ್ಷನ್ ಖಾತೆ ಕಾರ್ಡು ಅಲ್ಲಿ ನಡೀಲಿಲ್ಲ, ಆ ಹುಡುಗನ ಕ್ರೆಡಿಟ್ ಕಾರ್ಡಿನಾಗ ಹಾಕಿದೆವು, ಅಂವ ಓಟಿಪಿನೂ ಹೊಡದ. ಆವಾಗ ಸರ್ಕಾರದ ಖರೆ ಸೈಟಿನಾಗ ಸಾರ್ಕ್ ದೇಶದವ್ರಿಗೆ, ಅಂದ್ರ ನಮ್ಮಂಥ ದಕ್ಷಿಣ ಏಷ್ಯಾದವ್ರಿಗೆ, ಇದ್ದದ್ದು ತಲಿಗೆ 20 ಡಾಲರ್! ನಾಲ್ವರದೂ ಸೇರಿ 80. ಇದು ಗೊತ್ತಾಗಿದ್ದು ಆಮ್ಯಾಲ.

ಗೊತ್ತಾಗಿದ್ದು ಹ್ಯಾಂಗಂದ್ರ ನಮ್ಮ ಅಣ್ಣನ ಮಗಳಿಂದ. ಅಕಿ ಬೆಂಗಳೂರಾಗ ನೌಕರಿ ಮಾಡ್ತಾಳ, ಸಂಕ್ರಾಂತಿಗೆ ಊರಿಗೆ ಬಂದಿದ್ಲು, ನಾವು ಹೊರಡೋದು ಇನ್ನ 4 ದಿನ ಇತ್ತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿನ್ಕೋತ, "ಕಾಕಾ, ಕಾಗದ ತೋರ್ಸು ಇಲ್ಲಿ" ಅಂದ್ಲು. ನಾ ಪ್ರಿಂಟ್ ತೆಗಿಸಿ, ಪ್ಲಾಸ್ಟಿಕ್ ಫೈಲಿನಾಗ ಹಾಕಿ, ದೇವ್ರ ಜಗುಲಿ ಮ್ಯಾಲ ಇಟ್ಟಿದ್ದೆ. ಅಕಿ ಒಂದು ಕೈಯಾಗ ಪಾಸ್‌ಪೋರ್ಟ್ ಹಿಡದು ಇನ್ನೊಂದು ಕೈಯಾಗ ಆ ಕಾಗದ ಹಿಡದು ಒಂದೊಂದೇ ಅಕ್ಷರ ನೋಡ್ಕೋತ ಬಂದ್ಲು, ನಮ್ಮ ಮನಿಯವ್ರ ಹೆಸರಿನ್ಯಾಗ ನಿಂತ್ಲು, ನನ್ನ ಹುಟ್ಟಿದ ತಾರೀಖಿನ್ಯಾಗ ನಿಂತ್ಲು, "ಕಾಕಾ, ನೀ ಜನವರಿದಾಗ ಹುಟ್ಟಿಯೇನು?" ಅಂದ್ಲು.

ಇಲ್ಲಿ ಒಂದು ಮಾತು ಒಪ್ಕೊಬೇಕ್ರಿ. ನಂದು ಪಾಸ್‌ಪೋರ್ಟಿನಾಗ ಇರೋದು 01/06/1958. ಜೂನ್ 1. ನಮ್ಮ ಭಾಗದಾಗ ನನ್ನ ವಯಸ್ಸಿನ ಮಂದಿನ್ನ ನೂರು ಕೇಳಿದ್ರ ಎಷ್ಟೋ ಮಂದಿ ಜೂನ್ 1ಕ್ಕೇ ಹುಟ್ಯಾರ, ಯಾಕಂದ್ರ ಸಾಲಿಗೆ ಸೇರಿಸೋದು ಜೂನ್‌ದಾಗ, ಅವ್ವಂಗ ಕೇಳಿದ್ರ ಕಾರಹುಣ್ಣಿಮಿ ಮುಂದೋ ಹಿಂದೋ ಅಂತಿದ್ಲು, ಹೆಡ್‌ಮಾಸ್ತರ ವಯಸ್ಸು ಲೆಕ್ಕಾ ಹಾಕಿ ಜೂನ್ 1 ಅಂತ ಬರದು ಮುಂದಿನ ಹುಡುಗನ್ನ ಕರೀತಿದ್ರು. ನಾನೂ ಮಾಸ್ತರ ಆದಮ್ಯಾಲ ಎಷ್ಟು ಹುಡುಗ್ರಿಗೆ ಹಂಗ ಬರ್ದೀನಿ ಲೆಕ್ಕಿಲ್ಲ. ಅದರ ಫಲ ನಾನೇ ಉಂಡೀನ್ರಿ, ಒಂದನೇ ತಾರೀಖಿಗೆ ಹುಟ್ಟಿದವ್ರು ಹಿಂದಿನ ತಿಂಗಳ ಕೊನೇ ದಿನಕ್ಕೇ ರಿಟೈರ್ ಅಂತ ರೂಲ್ ಅದ, ಮೇ 31ಕ್ಕ ನನ್ನ ಕಳಿಸಿದ್ರು. ಈಗ ಆ ಸೈಟಿನಾಗ ಮೊದ್ಲ ತಿಂಗಳು ಆಮ್ಯಾಲ ದಿನ, ಅಮೆರಿಕಾದವ್ರಂಗ, ಹುಡುಗ 01/06 ಅಂತ ಹಂಗೇ ಹೊಡದಾನ, ಅದು ಜನವರಿ 6 ಅಂತ ತಗೊಂಡದ. 25ನೇ ತಾರೀಖಿಗೆ ಹುಟ್ಟಿದಾಂವ ಆಗಿದ್ರ 25ನೇ ತಿಂಗಳು ಇಲ್ಲ ಅಂತ ಮಶೀನು ಅಲ್ಲೇ ಬೈತಿತ್ತು, ಜೂನ್ 1ರವ್ರಿಗೆ ಬೈಯಂಗಿಲ್ಲ, ಸುಮ್ಮ ತಗೋತದ.

ಮನಿಯವ್ರದ್ದು ಬ್ಯಾರೆ ಕಥಿ. ಅವ್ರ ಹೆಸರನ್ನ ಹುಡುಗ ಪಾಸ್‌ಪೋರ್ಟ್ ನೋಡಿ ಹೊಡದಿಲ್ಲ, ಆಧಾರ್ ನೋಡಿ ಹೊಡದಾನ, ಯಾಕಂದ್ರ ಆಧಾರ್ ಫೋಟೋ ಮೊಬೈಲ್‌ನಾಗೇ ಇತ್ತಂತ. ಆಧಾರ್‌ನಾಗ ಒಂದು ಸ್ಪೆಲ್ಲಿಂಗು, ಪಾಸ್‌ಪೋರ್ಟಿನಾಗ ಇನ್ನೊಂದು. ನಮ್ಮ ಕಡಿ ಹೆಸರು ಇಂಗ್ಲಿಷಿನ್ಯಾಗ ಬರೆಯೋದು ನಿಮಗ ಗೊತ್ತದಲ್ಲ, ಶರಣಪ್ಪ ಅನ್ನೋದನ್ನ ಮೂರು ಆಫೀಸಿನಾಗ ಮೂರು ನಮೂನಿ ಬರೀತಾರ, ಪಹಣಿಯಾಗ ತಂದೆ ಅಂತ ನಡುವ ಸೇರಿಸಿ ಬರೀತಾರ, ಲಗ್ನ ಆದಮ್ಯಾಲ ಗಂಡ ಅಂತ ಬರ್ತದ, ಅಡ್ಡಹೆಸರು ಒಮ್ಮೆ ಇರ್ತದ ಒಮ್ಮೆ ಇರಂಗಿಲ್ಲ. ಊರಾಗ ಇದು ನಡೀತದ, ತಲಾಟಿಗೂ ಗೊತ್ತು ಬ್ಯಾಂಕಿನವ್ರಿಗೂ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ಪಾಸ್‌ಪೋರ್ಟಿನ ಫೋಟೋ ಪೇಜಿನ ತಳಕ್ಕ ಎರಡು ಸಾಲು ಅದಾವಲ್ಲ, ಬಾಣದ ತುದಿಯಂಥ ಗುರುತು ಇರೋದು, ಒಂದೊಂದು ಸಾಲಿಗೆ 44 ಅಕ್ಷರ, ವಿಮಾನ ನಿಲ್ದಾಣದ ಮಶೀನು ಓದೋದು ಆ ಎರಡು ಸಾಲನ್ನ. ಅದಕ್ಕ ಫಾರ್ಮಿನಾಗ ಹೆಸರು ಹೊಡೆಯುವಾಗ ಆ ಸಾಲು ನೋಡಿ ಹೊಡೀಬೇಕಂತ, ನಮ್ಮ ಹುಡುಗಿ ಹೇಳಿದ್ದು. ನಮ್ಮ ದೇಶದ ಪಾಸ್‌ಪೋರ್ಟ್ ನಂಬರಿನಾಗ ಮೊದ್ಲ ಒಂದು ಇಂಗ್ಲಿಷ್ ಅಕ್ಷರ, ಮುಂದ 7 ಅಂಕಿ, ಹಂಗಾಗಿ ನಡುವ ದುಂಡಗ ಕಂಡದ್ದೆಲ್ಲಾ ಸೊನ್ನೆ, ಓ ಅಲ್ಲ. ಇದನ್ನ ಒಂದು ತಪ್ಪು ಹೊಡದ್ರ ನಿಮ್ಮ ಇಟಿಎ ಯಾವ ಪಾಸ್‌ಪೋರ್ಟಿಗೂ ಹೊಂದಂಗಿಲ್ಲ, ಕಾಗದ ಕೈಯಾಗ ಇದ್ರೂ ಇಲ್ಲದಂಗೇ.

ಹುಟ್ಟಿದ ಊರಿನ ಬಗ್ಗೆನೂ ಹೇಳ್ಬಿಡ್ತೀನಿ. ನನ್ನ ಪಾಸ್‌ಪೋರ್ಟಿನಾಗ ಹುಟ್ಟಿದ ಊರು ಗುಲ್ಬರ್ಗಾ ಅಂತ ಅದ, ಹಿಂದಿನ ಪೇಜಿನ ವಿಳಾಸದಾಗ ಕಲಬುರಗಿ ಅಂತ ಅದ, 2014ರ ನವೆಂಬರ್ 1ಕ್ಕ ಹೆಸರು ಬದಲಿ ಆತಲ್ರಿ, ಅದಕ್ಕ ಹಿಂಗ. ಷಡ್ಡಕರು ಅದನ್ನೂ ತಿದ್ದಬೇಕು, ಈಗ ಗುಲ್ಬರ್ಗಾ ಅಂದ್ರ ತಪ್ಪಲ್ಲೇನು ಅಂತ ಹಟಾ ಹಿಡದ್ರು. ಕನ್ನಡಾಭಿಮಾನ ಛಲೋನೇ, ಆದ್ರ ಫಾರ್ಮಿನಾಗ ಪಾಸ್‌ಪೋರ್ಟಿನಾಗ ಏನದ ಅದೇ ಬರೀಬೇಕು, ಗುಲ್ಬರ್ಗಾ ಅಂದ್ರ ಗುಲ್ಬರ್ಗಾನೇ.

ಮತ್ತ ಆ ಸೈಟಿಗೆ ತಿದ್ರೀ ಅಂತ ಮೇಲ್ ಹಾಕಿದೆವು, ಉತ್ತರ ಬಂತು, ತಿದ್ದಲಿಕ್ಕೆ ತಲಿಗೆ ಇನ್ನ 45 ಡಾಲರ್ ಅಂತ. ಆಗ ನಮ್ಮ ಹುಡುಗಿ ಆ ಪೇಜಿನ ತಳಕ್ಕ ಹೋಗಿ ಓದಿ ತೋರಿಸಿದ್ಲು, ಬೂದು ಬಣ್ಣದ ಸಣ್ಣ ಅಕ್ಷರದಾಗ ನಾವು ಯಾವ ಸರ್ಕಾರದವ್ರೂ ಅಲ್ಲ, ನಾವು ಸಹಾಯ ಮಾಡೋ ಕನ್ಸಲ್ಟೆನ್ಸಿ, ನಮ್ಮ ಸರ್ವಿಸ್ ಚಾರ್ಜು ಬ್ಯಾರೆ ಅಂತ ಬರದಿದ್ರು. ಅಂದ್ರ ಸುಳ್ಳು ಹೇಳಿದ್ದಿಲ್ಲ, ಖರೆ ಎಲ್ಲಿ ಬರೀಬೇಕೋ ಅಲ್ಲಿ ಬರದಿದ್ದಿಲ್ಲ ಅಷ್ಟೇ. ಅವ್ರು ಮಾಡಿದ್ದು ಇಷ್ಟೇ, ನಾವು ಕೊಟ್ಟದ್ದನ್ನ ತಗೊಂಡು ಸರ್ಕಾರದ ಸೈಟಿನಾಗ ತಾವು ಹೊಡದು, 20 ಕಟ್ಟಿ, 69 ಇಟ್ಕೊಂಡಾರ.

ಖರೆ ಸೈಟು ಯಾವುದಂದ್ರ ಇಟಿಎ ಡಾಟ್ ಗವ್ ಡಾಟ್ ಎಲ್‌ಕೆ. ಹಿಂದಿನ ಬಾಲ ನೋಡ್ಬೇಕ್ರಿ, ಮುಂದಿನ ಮುಖ ಅಲ್ಲ. ಶ್ರೀಲಂಕಾ, ಇಟಿಎ, ವೀಸಾ, ಆಫಿಷಿಯಲ್ ಅನ್ನೋ ಶಬ್ದ ಎಲ್ಲಾ ಯಾರು ಬೇಕಾದ್ರೂ ಮುಂದ ಹಚ್ಕೋಬಹುದು, ಆದ್ರ ಕೊನಿಗೆ ಗವ್ ಡಾಟ್ ಎಲ್‌ಕೆ ಅನ್ನೋದು ಆ ಸರ್ಕಾರದವ್ರಿಗೇ ಸಿಗ್ತದ. ನಮ್ಮ ದೇಶದ್ದು ಗವ್ ಡಾಟ್ ಇನ್, ಬ್ರಿಟನ್‌ದು ಗವ್ ಡಾಟ್ ಯುಕೆ, ಕೀನ್ಯಾದ್ದು ಗೋ ಡಾಟ್ ಕೆಇ. ಹುಡುಕಿದಾಗ ಮ್ಯಾಲ ಬರೋದ್ರ ಬಾಜೂಕ ಸ್ಪಾನ್ಸರ್ಡ್ ಅಂತ ಇದ್ರ ಅದು ರೊಕ್ಕಾ ಕೊಟ್ಟು ಮ್ಯಾಲ ಕುಂತದ ಅಂತ ಅರ್ಥ, ಸಂತಿದಾಗ ಬಾಗಲಾದಾಗೇ ಕುಂತಾಂವನ ಹತ್ರ ಕಾಯಿಪಲ್ಲೆ ಹೆಂಗ ತುಟ್ಟಿ ಇರ್ತದ ಹಂಗ.

ಆ ರಾತ್ರಿ ಕುಂತು ಹೊಸದಾಗಿ ನಾಲ್ಕೂ ಮಂದಿದು ಖರೆ ಸೈಟಿನಾಗ ಹಾಕಿದೆವು. ಅರ್ಧ ತಾಸಿನ ಕೆಲಸ. ಪಾಸ್‌ಪೋರ್ಟು ನಾವು ಅಲ್ಲಿ ಇಳಿಯೋ ದಿನದಿಂದ ಕಮ್ಮಿ ಅಂದ್ರ 6 ತಿಂಗಳು ಜೀವ ಇರ್ಬೇಕು, ಅದಿತ್ತು. ಟೂರಿಸ್ಟ್ ಇಟಿಎ 30 ದಿನದ್ದು, ಎರಡು ಸಲ ಒಳಗ ಹೋಗಬಹುದು. ಫೋಟೋ ಬ್ಯಾಡ, ಬ್ಯಾಂಕ್ ಪಾಸ್‌ಬುಕ್ ಬ್ಯಾಡ, ಯಾವ ಆಫೀಸರನ ಸಹಿನೂ ಬ್ಯಾಡ. ಮುಂಜಾನಿ ಚಾ ಕುಡಿಯೋದ್ರಾಗ ನಾಲ್ಕೂ ಮೇಲ್ ಬಂದಿದ್ವು. ಇದಕ್ಕ ನಾವು ಒಂದು ವಾರ ತೆಲಿ ಕೆಡಿಸ್ಕೊಂಡು, 30,000 ಹೋಗಿ, ಮತ್ತ 7,000 ಚಿಲ್ರೆ ಕಟ್ಟಿದೆವು ನೋಡ್ರಿ. ಕಾರ್ಡಿಂದೂ ಒಂದು ಮಾತು: ಈಗ ಬ್ಯಾಂಕಿನವ್ರು ಕಾರ್ಡು ಕೊಡುವಾಗ ಫಾರಿನ್ ವ್ಯವಹಾರ ಬಂದ್ ಇಟ್ಟೇ ಕೊಡ್ತಾರ, ಬ್ಯಾಂಕಿನ ಆ್ಯಪಿನಾಗ ಇಂಟರ್‌ನ್ಯಾಷನಲ್ ಅನ್ನೋದನ್ನ ನೀವೇ ಆನ್ ಮಾಡ್ಬೇಕು, ಕೆಲಸ ಮುಗಿದಮ್ಯಾಲ ಮತ್ತ ಬಂದ್ ಮಾಡ್ರಿ, ಮರೀಬ್ಯಾಡ್ರಿ.

ರೊಕ್ಕಾ ವಾಪಸ್ ಬಂತೇನು ಅಂತ ಕೇಳ್ತೀರಿ. ಇಲ್ರಿ. ಬ್ಯಾಂಕಿಗೆ ಬರದೆವು, ಓಟಿಪಿ ನೀವೇ ಹಾಕೀರಿ, ಅವ್ರು ಹೇಳಿದ ಸರ್ವಿಸು ಕೊಟ್ಟಾರ, ನಾವೇನೂ ಮಾಡ್ಲಿಕ್ಕಿ ಬರಂಗಿಲ್ಲ ಅಂದ್ರು. ಸೈಬರ್ ಮೋಸದ ಸಹಾಯವಾಣಿ 1930 ನಂಬರಿಗೆ ಫೋನ್ ಹಚ್ಚಿದೆವು, ಸೈಬರ್ ಪೋರ್ಟಲ್‌ನಾಗ ಕಂಪ್ಲೇಂಟೂ ಹಾಕಿದೆವು, ನಂಬರ್ ಕೊಟ್ಟಾರ, ಆ ನಂಬರ್ ಇನ್ನೂ ನನ್ನ ಡೈರಿದಾಗ ಅದ. ಯಾರನ್ನೂ ಬೈಯಂಗಿಲ್ಲ ನಾ, ಕಾಯ್ದಾದ ಸಂದಿದಾಗ ಕುಂತಾರ ಆ ಸೈಟಿನವ್ರು. ರೊಕ್ಕಕಿಂತ ನನಗ ಚುರ್ ಅನ್ನೋದು, ನಾಲ್ಕು ಮಂದಿ ಪಾಸ್‌ಪೋರ್ಟಿನ ವಿವರ, ಮನಿ ವಿಳಾಸ, ಫೋನ್ ನಂಬರ್ ಎಲ್ಲಾ ಯಾವ ದೇಶದಾಗ ಕುಂತಿದ್ದಾನೋ ಗೊತ್ತಿಲ್ಲದಾಂವನ ಹತ್ರ ನಾವೇ ಕೈಯಾರೆ ಕೊಟ್ಟು ಬಂದೀವಿ. ನಮ್ಮ ಮನಿಯವ್ರು ಮಾತ್ರ ಒಂದೇ ಮಾತು ಅಂದ್ರು, "ಕಾಯಿಪಲ್ಲೆ ತರುವಾಗ 5 ರೂಪಾಯಿಗೆ ಅರ್ಧ ತಾಸು ಜಗಳಾ ಮಾಡ್ತೀರಿ, ಅಲ್ಲಿ 89 ಡಾಲರ್ ಅಂದಾಗ ಯಾಕ ಬಾಯಿ ಬರ್ಲಿಲ್ಲ?" ಅಂತ. ಇದಕ್ಕ ನನ್ನ ಹತ್ರ ಉತ್ತರಿಲ್ಲ.

ಬೀದರ್‌ದಾಗ ನನ್ನ ಗೆಳೆಯರೊಬ್ರು ಅದಾರ, ಸರ್ದಾರ್ಜಿ, ನಾನಕ್ ಝೀರಾ ಗುರುದ್ವಾರದ ಹತ್ರಾನೇ ಮನಿ, ನಮಗಿಂತ ಛಲೋ ಕನ್ನಡ ಮಾತಾಡ್ತಾರ. ಅವ್ರಿಗೆ ಇದನ್ನ ಹೇಳಿದ್ದಕ್ಕ ನಕ್ಕು, ನಾನೂ ಇಟಿಎ ತಗೊಂಡೇ ಹೋಗಿದ್ದೆ ಮಾಸ್ತರ್, ಒಂದು ಪೈಸಾನೂ ಕೊಟ್ಟಿಲ್ಲ ಅರ್ಜಿಗೆ ಅಂದ್ರು. ಎಲ್ಲಿಗಂದ್ರ ಪಾಕಿಸ್ತಾನದಾಗಿನ ಕರ್ತಾರ್‌ಪುರ ಗುರುದ್ವಾರಕ್ಕ. 2019ರ ನವೆಂಬರ್ 9ಕ್ಕ ಗಡಿ ದಾಟಿ ಅಲ್ಲಿಗೆ ಹೋಗೋ ಕಾರಿಡಾರ್ ತೆರದಾಗಿಂದ ನಮ್ಮ ಯಾತ್ರಿಗಳಿಗೆ ವೀಸಾ ಬ್ಯಾಡ, ನಮ್ಮದೇ ಗೃಹ ಮಂತ್ರಾಲಯದ ಸೈಟಿನಾಗ ಅರ್ಜಿ ಹಾಕ್ಬೇಕು, ಪೊಲೀಸ್ ವಿಚಾರಣಿ ಆದಮ್ಯಾಲ ಹೋಗೋದಕ್ಕ 3-4 ದಿನ ಮೊದ್ಲ ಮೆಸೇಜ್ ಬರ್ತದ, ಇಟಿಎ ಪ್ರಿಂಟ್ ತಕ್ಕೊಂಡು ಪಾಸ್‌ಪೋರ್ಟ್ ಜೋಡಿ ಮುಂಜಾನಿ ಹೋಗಿ ಸಂಜಿಗೆ ತಿರುಗಿ ಬರಬೇಕು, ಪಾಕಿಸ್ತಾನದವ್ರು ಅಲ್ಲಿ 20 ಡಾಲರ್ ತಗೋತಿದ್ರು. (ಈಗ 2025ರ ಮೇದಿಂದ ಅದು ಬಂದ್ ಅದ, ಗೆಳೆಯರು ಮೊದ್ಲೇ ಹೋಗಿ ಬಂದಿದ್ದು ಪುಣ್ಯ.) ನಮ್ಮ ಸರ್ಕಾರದ ಆ ಫಾರ್ಮು ಅವ್ರ ಮೊಮ್ಮಗಳು ತುಂಬಿ ಕೊಟ್ಟಿದ್ಲಂತ. ಅಂದ್ರ ಇಟಿಎ ಅನ್ನೋದೇ ಕಳ್ಳರ ಕೆಲಸ ಅಲ್ಲ, ಅದು ಸೀದಾ ಇರೋ ಕೆಲಸನೇ, ನಡುವ ಕುಂತವ್ರದೇ ತಕ್ಲೀಫು.

ಇನ್ನೊಂದು ನಮೂನಿ ಮೋಸಾನೂ ಅದ, ಇದು ನಮ್ಮ ಓಣಿದೇ. ಒಬ್ಬ ಅಕ್ಕಾವ್ರ ಮಗ ಲಂಡನ್ ಕಡಿ ಅದಾನ, ಸೊಸಿ ಬಾಣಂತನಕ್ಕ ಹೋಗ್ಬೇಕಿತ್ತು. ಯಾರೋ ಈಗ ಬ್ರಿಟನ್ನಿಗೂ ಇಟಿಎ ಬಂದದಂತ, ವೀಸಾ ಬ್ಯಾಡಂತ ಹೇಳ್ಯಾರ, ಇವ್ರು ಒಂದು ಸೆಂಟರಿನಾಗ ಹೋಗಿ ರೊಕ್ಕಾ ಕಟ್ಟಿ ಬಂದ್ರು. ಬ್ರಿಟನ್ನಿನ ಇಟಿಎ ಖರೆ ಅದ, 2025ರ ಏಪ್ರಿಲ್‌ದಾಗ ಅದರ ಶುಲ್ಕ 10 ಪೌಂಡಿನಿಂದ 16ಕ್ಕ ಏರಿಸಿದ್ರು, ಆದ್ರ ಅದು ಇರೋದು ವೀಸಾ ಇಲ್ಲದೇ ಅಲ್ಲಿಗೆ ಹೋಗಬಹುದಾದ ದೇಶದವ್ರಿಗೆ, ಭಾರತದ ಪಾಸ್‌ಪೋರ್ಟಿನವ್ರಿಗೆ ಮೊದಲಿನಂಗೇ ವೀಸಾನೇ ಬೇಕು. ಅಮೆರಿಕಾದ ಎಸ್ಟಾನೂ ಹಂಗೇ, ನಮಗಲ್ಲ. ಫಾರ್ಮು ತುಂಬಿಸ್ಕೊಂಡಾಂವ ಇದನ್ನ ಹೇಳ್ಬೇಕಿತ್ತೋ ಇಲ್ಲೋ? ಬಾಣಂತನ ಮುಗಿದು ಕೂಸಿಗೆ ಹಲ್ಲು ಬಂದಮ್ಯಾಲ ಅಕ್ಕಾವ್ರು ಹೋದ್ರು.

ಥಾಯ್ಲೆಂಡ್, ಮಲೇಷ್ಯಾಕ್ಕ ಹೋಗೋರೂ ಕೇಳ್ರಿ. ಮಲೇಷ್ಯಾದವ್ರು 2023ರ ಡಿಸೆಂಬರ್‌ದಿಂದ ನಮಗ 30 ದಿನಕ್ಕ ವೀಸಾ ಬ್ಯಾಡ ಅಂದಾರ, ಆದ್ರ ಡಿಜಿಟಲ್ ಅರೈವಲ್ ಕಾರ್ಡ್ ಅಂತ ಒಂದು ಫಾರ್ಮ್ ಮೊದ್ಲೇ ತುಂಬಬೇಕು, ಥಾಯ್ಲೆಂಡ್‌ದವ್ರೂ 2025ರ ಮೇ 1ರಿಂದ ಅಂಥದ್ದೇ ತಂದಾರ. ಎರಡೂ ಇಳಿಯೋದ್ರ ಹಿಂದಿನ 3 ದಿನದೊಳಗ ತುಂಬೋದು, ಎರಡೂ ಬಿಲ್ಕುಲ್ ಫ್ರೀ. ಫ್ರೀ ಇರೋದಕ್ಕೂ ರೊಕ್ಕಾ ಕೇಳೋ ಸೈಟು ಅದಾವ. ಇನ್ನ ನೇಪಾಳಕ್ಕ ಹೋಗೋರಿಗೆ ಇದ್ಯಾವ್ದೂ ಬ್ಯಾಡ, ವೋಟರ್ ಕಾರ್ಡ್ ಇದ್ರ ಸಾಕು, ಪಶುಪತಿನಾಥಕ್ಕ ಇಟಿಎ ಮಾಡಿಸ್ಕೊಡ್ತೀನಿ ಅಂತ ಯಾರಾದ್ರೂ ಬಂದ್ರ ಚಾ ಕುಡಿಸಿ ಕಳಸ್ರಿ.

ಶುಲ್ಕನೂ ಒಂದೇ ಇರಂಗಿಲ್ಲ. ಶ್ರೀಲಂಕಾದವ್ರೇ 2023ರ ಅಕ್ಟೋಬರ್‌ದಾಗ ಭಾರತ ಸೇರಿ 7 ದೇಶದವ್ರಿಗೆ ಫ್ರೀ ಅಂದಿದ್ರು, ಆದ್ರ ಫ್ರೀ ಇದ್ದಾಗೂ ಇಟಿಎ ಹಾಕೋದು ತಪ್ಪಿದ್ದಿಲ್ಲ. 2024ರಾಗ ವೀಸಾ ಕೆಲಸ ಹೊರಗಿನ ಕಂಪನಿಗೆ ಕೊಟ್ಟು ಶುಲ್ಕ ಏರಿ ಅಲ್ಲಿ ದೊಡ್ಡ ಗದ್ದಲ ಆತು, ಆಗಸ್ಟ್‌ದಾಗ ಅವ್ರ ಸುಪ್ರೀಂ ಕೋರ್ಟ್ ಅದನ್ನ ತಡೀತು, ಆಮ್ಯಾಲ ಹಳೇ ಇಟಿಎನೇ ವಾಪಸ್ ತಂದ್ರು. ಹಂಗಾಗಿ ಹೋದ ವರ್ಷ ಯಾರೋ ಹೋಗಿ ಬಂದವ್ರ ಮಾತು ನಂಬ್ಕೊಂಡು ಹೊಂಡಬ್ಯಾಡ್ರಿ, ನಂದನ್ನೂ ಸೇರಿಸಿ. ಟಿಕೆಟ್ ತೆಗಿಸೋಕಿಂತ ಮೊದ್ಲ ಆ ಸರ್ಕಾರದ ಸೈಟು ಒಮ್ಮೆ ನೋಡ್ರಿ.

ವಿಮಾನ ನಿಲ್ದಾಣದಾಗ ಏನಾತು ಅಂತನೂ ಹೇಳ್ತೀನಿ. ಹೈದರಾಬಾದಿನಾಗ ಬೋರ್ಡಿಂಗ್ ಪಾಸ್ ಕೊಡೋ ಹುಡುಗಿ ಪಾಸ್‌ಪೋರ್ಟ್ ತಗೊಂಡು ಇಟಿಎ ಪ್ರಿಂಟ್ ತೋರಸ್ರಿ ಅಂದ್ಲು, ಎರಡನ್ನೂ ಹೊಂದಿಸಿ ನೋಡಿದ್ಲು. ನಮ್ಮ ಬಾಜೂ ಲೈನಿನಾಗ ಒಬ್ಬ ಹುಡುಗನ್ನ ನಿಲ್ಲಿಸಿದ್ರು, ಅಂವ ಮೊಬೈಲ್ ತಿಕ್ಕಾಕತ್ತಿದ್ದ, ಬೆವರಾಕತ್ತಿದ್ದ, ಮುಂದ ಏನಾತೋ ಗೊತ್ತಿಲ್ಲ. ವಿಮಾನದವ್ರು ಇಷ್ಟು ಕಟ್ಟುನಿಟ್ಟ ಯಾಕಂದ್ರ, ಕಾಗದ ಇಲ್ಲದಾಂವನ್ನ ಹತ್ತಿಸ್ಕೊಂಡು ಹೋದ್ರ ಅಂವನ್ನ ವಾಪಸ್ ತಂದು ಬಿಡೋದು ಅವ್ರ ತೆಲಿಮ್ಯಾಲೇ ಬರ್ತದ, ಎಷ್ಟೋ ದೇಶದಾಗ ದಂಡಾನೂ ಹಾಕ್ತಾರ. ಅದಕ್ಕ ಅಲ್ಲಿ ಕೈಮುಗದ್ರೂ ನಡಿಯಂಗಿಲ್ಲ, ಎಮ್ಮೆಲ್ಲೆ ಫೋನ್ ಹಚ್ಚಿದ್ರೂ ನಡಿಯಂಗಿಲ್ಲ. ಕೊಲಂಬೊದಾಗ ಇಳಿದಮ್ಯಾಲ ಅಲ್ಲಿ ಆಫೀಸರು ಎಷ್ಟು ದಿನ, ತಿರುಗಿ ಹೋಗೋ ಟಿಕೆಟ್ ಎಲ್ಲದ, ಎಲ್ಲಿ ಇಳ್ಕೋತೀರಿ ಅಂತ ಕೇಳಿ ಸಿಕ್ಕಾ ಒತ್ತಿದ್ರು. ಇಟಿಎ ಇದ್ದ ಮಾತ್ರಕ್ಕ ಒಳಗ ಬಿಡಲೇಬೇಕು ಅಂತಿಲ್ಲ, ಕೊನೇ ಮಾತು ಅವ್ರದ್ದೇ. ನಮ್ಮ ಷಡ್ಡಕರು ಯಾತಕ್ಕ ಬಂದೀರಿ ಅಂದ್ರ, ಮಾಸ್ತರ ಕರ್ಕೊಂಡು ಬಂದಾರ ಅಂತ ಕನ್ನಡದಾಗೇ ಹೇಳಿದ್ರು, ಅಂವ ನಕ್ಕೊಂತ ಒತ್ತಿ ಕಳಿಸಿದ.

ಅನುರಾಧಪುರದ ಆ ಗಿಡ ನೋಡಿದೆ. ಬಂಗಾರ ಬಣ್ಣದ ಆಸರಿ ಕಂಬ ಕೊಟ್ಟು ನಿಲ್ಲಿಸ್ಯಾರ, ಅಜ್ಜಗ ಬಡಿಗಿ ಕೊಟ್ಟಂಗ. ಆ ಬಗ್ಗೆ ಬ್ಯಾರೆ ಬರೀತೀನಿ, ನೀವು ಜಾಗಾ ಕೊಟ್ರ.

ಈಗ ನನ್ನ ಅರ್ಜಿ. ಒಂದು, ನೀವು ಆ ಟೂರಿನ ಜಾಹೀರಾತು ಹಾಕೋ ಪೇಜಿನಾಗೇ ಒಂದು ಅಂಗೈ ಅಗಲ ಜಾಗಾ ಬಿಡ್ರಿ, ಯಾವ ದೇಶಕ್ಕ ನಮ್ಮವ್ರಿಗೆ ಏನು ಬೇಕು, ಖರೆ ಸೈಟಿನ ಬಾಲ ಏನು, ಸರ್ಕಾರದ ಶುಲ್ಕ ಎಷ್ಟು, ಇಷ್ಟು ಕನ್ನಡದಾಗ ಹಾಕ್ರಿ, ತಿಂಗಳಿಗೊಮ್ಮೆ ಹಾಕಿದ್ರೂ ಸಾಕು. ಈ ಫಾರ್ಮು ಯಾವ್ದೂ ಕನ್ನಡದಾಗಿಲ್ಲ, ಇರ್ಲಿ, ಬ್ಯಾರೆ ದೇಶದವ್ರಿಗೆ ನಾವು ಕೇಳ್ಲಿಕ್ಕಿ ಬರಂಗಿಲ್ಲ, ಆದ್ರ ತಿಳಿಸಿ ಹೇಳೋದು ಕನ್ನಡದಾಗ ಆಗಬಹುದಲ್ಲ. ಎರಡನೇದು ಸರ್ಕಾರಕ್ಕ. ಕರ್ನಾಟಕ ಒನ್, ಗ್ರಾಮ ಒನ್ ಅಂತ ಸೆಂಟರ್ ಮಾಡೀರಿ, ಅಲ್ಲಿ ಕರೆಂಟ್ ಬಿಲ್ಲು, ಜಾತಿ ಸರ್ಟಿಫಿಕೇಟ್ ಎಲ್ಲಾ ಆಗ್ತದ, ಅಲ್ಲಿ ಕುಂತ ಹುಡುಗ್ರಿಗೆ ಒಂದು ದಿನ ಟ್ರೇನಿಂಗ್ ಕೊಟ್ಟು ಈ ಫಾರ್ಮೂ ತುಂಬಿಕೊಡಂಗ ಮಾಡ್ರಿ, 100 ರೂಪಾಯಿ ತಗೋರಿ, ಬೋರ್ಡ್ ಹಚ್ಚಿ ತಗೋರಿ. ನಮ್ಮ ಕಡಿ ಈಗ ಉಮ್ರಾಕ್ಕ ಹೋಗೋರು ಅದಾರ, ದುಬೈಕ್ಕ ದುಡಿಲಿಕ್ಕಿ ಹೋಗೋರು ಅದಾರ, ಮಕ್ಕಳ ಕಡಿ ಹೋಗೋ ತಾಯಿ ತಂದಿ ಅದಾರ, ಯಾದಗಿರಿ ಹಳ್ಳಿ ಕಡಿಂದನೂ ಹೋಗ್ಲಾಕತ್ತಾರ, ಎಲ್ಲಾರ ಮನ್ಯಾಗೂ ಬೆಂಗಳೂರಿನ ಮಗಳು ಸಂಕ್ರಾಂತಿಗೆ ಬರಂಗಿಲ್ಲ. ದುಬೈ ಅಂದಮ್ಯಾಲ ನೆನಪಾತು, 2022ರ ನವೆಂಬರ್‌ದಾಗ ಯುಎಇದವ್ರು ಪಾಸ್‌ಪೋರ್ಟಿನಾಗ ಒಂದೇ ಹೆಸರು ಇದ್ದವ್ರನ್ನ ಟೂರಿಸ್ಟ್ ವೀಸಾದ ಮ್ಯಾಲ ಬಿಡಂಗಿಲ್ಲ ಅಂದಾರ, ಅಡ್ಡಹೆಸರಿನ ಜಾಗಾ ಖಾಲಿ ಬಿಟ್ಟು ಪಾಸ್‌ಪೋರ್ಟ್ ಮಾಡಿಸ್ಕೊಂಡವ್ರು ನಮ್ಮಲ್ಲಿ ಭಾಳ ಮಂದಿ ಅದಾರ, ಅವ್ರು ಈಗ್ಲೇ ನೋಡ್ಕೋರಿ.

ಪತ್ರ ಉದ್ದಾತು, ನನಗ ಗೊತ್ತು, ಪಾಠ ಹೇಳೋ ಚಟಾ ಹೋಗಿಲ್ಲ. ಜಾಗಾ ಸಾಲದಿದ್ರ ಅನುರಾಧಪುರದ ಮಾತು ತಗೀರಿ, ಸರ್ದಾರ್ಜಿ ಮಾತು ತಗೀರಿ, ನಮ್ಮ ಮನಿಯವ್ರು ಬೈದದ್ದನ್ನಂತೂ ಅಗತ್ಯ ತಗೀರಿ. ಜೂನ್ 1ರದ್ದು ಮಾತ್ರ ತಗೀಬ್ಯಾಡ್ರಿ, ನನ್ನ ಕೈಯಾಗ ಕಲ್ತ ಹುಡುಗ್ರು ನಿಮ್ಮ ಪೇಪರ್ ಓದ್ತಾರ, ಈಗ ಅವ್ರಿಗೂ ಪಾಸ್‌ಪೋರ್ಟ್ ಬಂದಾವ, ಆ ತಾರೀಖು ಬರ್ದಾಂವ ನಾನೇ.

ಇತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಹೈಸ್ಕೂಲ್ ಮಾಸ್ತರ, ಕಲಬುರಗಿ